ಹುಸೇನ್ ಸಾಹೇಬರ ಅಟ್ಟದ ಓಲೆಕಟ್ಟು

ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ ಎಂದರೆ, ನಾನು ಜೀವಮಾನವೆಲ್ಲ ನೆರಳಲ್ಲಿ ಕೂತು ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿದೆ ಎಂದು ಜನ ಭಾವಿಸುತ್ತಾರೆ. ಅದನ್ನೂ ಮಾಡಿದ್ದೇನೆ. ಆದರೆ ನನ್ನ ಮೊದಲ ವರ್ಷಗಳು ಕಳೆದದ್ದು ಬೇರೆಯವರ ಜಗಲಿಗಳ ಮೇಲೆ. ಹಸ್ತಪ್ರತಿ ವಿಭಾಗಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ಆ ದಿನಗಳ ಬಗ್ಗೆ ಬರೆಯಿರಿ ಎಂದು ಕೇಳಿದ್ದಾರೆ. ಬಡ್ತಿ, ವರ್ಗಾವಣೆಗಳ ವಿಷಯ ಅವರಿಗೆ ಬೇಡ, ನನಗೂ ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತಿರುಗಿದ್ದನ್ನು ಮಾತ್ರ ಹೇಳುತ್ತೇನೆ.

ಮೂವತ್ತರ ದಶಕದ ನಡುವಿನ ವರ್ಷಗಳವು. ನಮ್ಮ ವಿಭಾಗದ ಮುಖ್ಯಸ್ಥರು ವೆಂಕಟಾಚಾರ್ಯರು. ಎತ್ತರದ ಆಳು, ಮಾತು ಕಡಿಮೆ. ಹಳ್ಳಿಗಳಲ್ಲಿ ಓಲೆಗರಿಯ ಕಟ್ಟುಗಳು ಗೆದ್ದಲು ಹಿಡಿದು ಹಾಳಾಗುತ್ತಿವೆ, ಹರಿದವನ್ನು ಜನ ಹೊಳೆಗೆ ಬಿಡುತ್ತಿದ್ದಾರೆ, ಅಷ್ಟರೊಳಗೆ ಸಿಕ್ಕಿದ್ದನ್ನು ತರಬೇಕು ಎಂಬುದು ಅವರ ಹಟ. ಮೂಲವನ್ನೇ ತರಬೇಕು, ಅದಾಗದಿದ್ದರೆ ಅಲ್ಲೇ ಕೂತು ನಕಲು ಮಾಡಬೇಕು. ನಕಲು ಮಾಡುವುದೆಂದರೆ ಗರಿಗೆ ಮಸಿ ಸವರಿ, ಮೆಲ್ಲಗೆ ಒರೆಸಿ, ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರ ಕಪ್ಪಾಗಿ ಎದ್ದು ಕಾಣುವಂತೆ ಮಾಡಿಕೊಂಡು, ಒಂದೊಂದೇ ಸಾಲನ್ನು ಕಾಗದಕ್ಕೆ ಇಳಿಸುವುದು. ಒಣಗಿದ ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಮುಟ್ಟಿದಲ್ಲೇ ಮುರಿಯುತ್ತದೆ. ಇವನ್ನೆಲ್ಲ ಒಂದು ವಾರದಲ್ಲಿ ಕಲಿಯಬಹುದು. ಕಲಿಯಲು ಕಷ್ಟವಾದದ್ದು ಕೇಳುವ ಕೆಲಸ.

ಸಿದ್ದಾಪುರದ ಸೀಮೆಯಲ್ಲಿ ಕೆಲವೇ ವರ್ಷಗಳ ಹಿಂದೆ ಕರನಿರಾಕರಣೆ ನಡೆದಿತ್ತು. ಭೂಕಂದಾಯ ಕೊಡುವುದಿಲ್ಲವೆಂದು ನಿಂತ ಮನೆಗಳನ್ನು ಸರಕಾರ ಜಪ್ತಿ ಮಾಡಿ, ಪಾತ್ರೆ ಪಗಡಿಯಿಂದ ಹಿಡಿದು ದನಕರುಗಳ ತನಕ ಹರಾಜಿಗೆ ಹಾಕಿತ್ತು. ಗಂಡಸರು ಜೈಲಿಗೆ ಹೋಗಿದ್ದರು. ಅಂಥ ಊರಿಗೆ ಅಪರಿಚಿತನೊಬ್ಬ ಕೈಚೀಲ ಹಿಡಿದು ಬಂದು, ನಿಮ್ಮ ಮನೆಯಲ್ಲಿ ಹಳೆಯ ವಸ್ತು ಏನೇನಿದೆ ಎಂದು ಕೇಳಿದರೆ ಯಾರು ತಾನೇ ಹೇಳುತ್ತಾರೆ? ನನ್ನನ್ನು ಜಪ್ತಿಯವನೆಂದೇ ತಿಳಿದು ಬಾಗಿಲು ಹಾಕಿಕೊಂಡ ಮನೆಗಳಿದ್ದವು. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ. ಜಗಲಿಯ ಮೇಲೆ ಕೂತು, ನನ್ನ ಹತ್ತಿರವಿದ್ದ ಒಂದು ಓಲೆಕಟ್ಟನ್ನು ಬಿಚ್ಚಿ ಓದತೊಡಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರಾದರೂ ಬಂದು, ಇಂಥದ್ದು ನಮ್ಮಲ್ಲೂ ಇದೆ ಎನ್ನುತ್ತಿದ್ದರು.

ಎಕ್ಕಂಬಿಯಲ್ಲಿ ಹೀಗೇ ಒಬ್ಬರು ಮದ್ದಿನ ಕಟ್ಟು ತಂದು ತೋರಿಸಿದರು. ದನದ ಕಾಯಿಲೆಗಳಿಗೆ ಮಾಡುವ ಔಷಧಿಗಳು. ನಾನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಪಟ್ಟಣದಿಂದ ದನದ ವೈದ್ಯ ಬಂದಿದ್ದಾನೆ ಎಂದು ಸುದ್ದಿಯಾಗಿ, ಮರುದಿನ ಬೆಳಿಗ್ಗೆ ನಾನಿಳಿದುಕೊಂಡ ಮನೆಯ ಅಂಗಳದಲ್ಲಿ ಕುಂಟುವ ಎತ್ತು, ಹಾಲು ಬತ್ತಿದ ಹಸು, ಮೇವು ಬಿಟ್ಟ ಎಮ್ಮೆ ಎಲ್ಲ ಬಂದು ನಿಂತವು. ನಾನು ಅಕ್ಷರ ಓದುವವನು, ಎತ್ತಿನ ಕಾಲು ನನಗೆ ತಿಳಿಯದು ಎಂದು ಎಷ್ಟು ಹೇಳಿದರೂ ಒಬ್ಬ ಮುದುಕ ಒಪ್ಪಲಿಲ್ಲ. ಕೊನೆಗೆ ಓಲೆಯಲ್ಲಿದ್ದುದನ್ನು ಅವನಿಗೆ ಓದಿ ಹೇಳಿದೆ, ಅವನೇ ಸೊಪ್ಪು ತಂದು ಅರೆದು ಕಟ್ಟಿದ. ಎತ್ತು ನೆಟ್ಟಗಾಯಿತೋ ಇಲ್ಲವೋ ಗೊತ್ತಿಲ್ಲ. ನಾನು ಆ ಮಧ್ಯಾಹ್ನವೇ ಊರು ಬಿಟ್ಟೆ.

ಸಿದ್ದಾಪುರದಲ್ಲಿ ಯಾರನ್ನು ಕೇಳಿದರೂ ಒಂದೇ ಮನೆಯ ಹೆಸರು ಬರುತ್ತಿತ್ತು. ಮಂಜುನಾಥ ಹೆಗಡೆಯವರ ಮನೆ. ಅವರ ಮುತ್ತಜ್ಜ ದೊಡ್ಡ ಭಾಗವತರು, ಯಕ್ಷಗಾನದ ಮೇಳ ಕಟ್ಟಿ ಕುಣಿಸಿದವರು. ಅವರು ತಮ್ಮ ಕೈಯಿಂದಲೇ ಬರೆದ ಒಂದು ಪ್ರಸಂಗದ ಕಟ್ಟು ಇತ್ತಂತೆ. ಪದಗಳಷ್ಟೇ ಅಲ್ಲ, ಯಾವ ಪದಕ್ಕೆ ಯಾವ ತಾಳ, ವೇಷ ಯಾವ ಕಡೆಯಿಂದ ಬರಬೇಕು, ಮದ್ದಳೆ ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಗುರುತು ಹಾಕಿದ್ದರಂತೆ. ಅಂಥದ್ದು ನಮ್ಮ ಗ್ರಂಥಾಲಯದಲ್ಲಿ ಒಂದೂ ಇರಲಿಲ್ಲ. ಈ ಸುದ್ದಿ ಬರೆದಾಗ ಆಚಾರ್ಯರಿಂದ, ಬೇರೆಲ್ಲ ಬಿಟ್ಟು ಅದನ್ನು ಹುಡುಕು ಎಂಬ ಉತ್ತರ ಬಂತು. ಆದರೆ ಹೆಗಡೆಯವರು ಕಂದಾಯ ಕೊಡದೆ ಜೈಲಿಗೆ ಹೋದವರು. ಮನೆ, ಜಮೀನು, ಸಾಮಾನು ಎಲ್ಲ ಹೋಗಿತ್ತು. ಗಂಡ ಹೆಂಡತಿ ಈಗ ಶಿರಸಿಯ ಹತ್ತಿರ ಇಸಳೂರಿನಲ್ಲಿ, ನೆಂಟರು ಬಿಟ್ಟುಕೊಟ್ಟ ಎರಡು ಕೋಣೆಗಳಲ್ಲಿದ್ದರು.

ನಾನು ಹೋದಾಗ ಹೆಗಡೆಯವರು ಗೋಡೆಗೆ ಒರಗಿ ಕೂತಿದ್ದರು. ಜೈಲಿನಲ್ಲಿ ಹಿಡಿದ ಕೆಮ್ಮು ಬಿಟ್ಟಿರಲಿಲ್ಲ, ಕಣ್ಣೂ ಮಂಜಾಗುತ್ತಿತ್ತು. ಓಲೆಕಟ್ಟಿನ ಮಾತೆತ್ತಿದರೆ ಅವರು ಬೇಸರಪಡಲಿಲ್ಲ. ದೇವರ ಕೋಣೆಯ ಮರದ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಬೀಗ ಹಾಕಿದಂತೆಯೇ ಹರಾಜಾಯಿತು, ಹಿಡಿದವನು ಒಳಗಿನ ಓಲೆಯನ್ನು ಒಲೆಗೆ ಹಾಕಿರುತ್ತಾನೆ ಎಂದರು. ಜಮೀನು ಹೋಯಿತೆಂದು ಹೇಳುವಾಗ ನಡುಗದ ದನಿ ಇದನ್ನು ಹೇಳುವಾಗ ನಡುಗಿತು. ಅವರ ಹೆಂಡತಿ ಭಾಗೀರಥಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಊಟಕ್ಕೆ ಎಬ್ಬಿಸಿದರೇ ಹೊರತು ಒಂದು ಮಾತೂ ಆಡಲಿಲ್ಲ.

ಹುಡುಕಾಟ ಅಲ್ಲಿಗೆ ಮುಗಿಯಿತೆಂದುಕೊಂಡು ನಾನು ಯಲ್ಲಾಪುರಕ್ಕೆ ಹೋದೆ. ಚಂದಗುಳಿಯ ಕಡೆ ಒಬ್ಬ ಅರ್ಚಕರ ಮನೆಯಲ್ಲಿ ಕೆಲವು ಗರಿಗಳಿವೆ ಎಂದು ತಿಳಿದಿತ್ತು. ಅಲ್ಲಿಗೆ ಹೋಗಲು ಸಿಕ್ಕಿದ್ದು ಹುಸೇನ್ ಸಾಹೇಬರ ಲಾರಿ. ಐವತ್ತರ ಆಸುಪಾಸಿನ ಮನುಷ್ಯ. ಮೊದಲು ಎತ್ತಿನ ಗಾಡಿಗಳನ್ನು ಓಡಿಸುತ್ತಿದ್ದವರು, ಈಗ ಒಂದು ಹಳೆಯ ಲಾರಿ ಇಟ್ಟುಕೊಂಡು ತಾವೇ ನಡೆಸುತ್ತಿದ್ದರು. ದಾರಿಯಲ್ಲಿ ನನ್ನ ಕೆಲಸವೇನೆಂದು ವಿಚಾರಿಸಿದರು. ಹೇಳಿದೆ. ಸಂಜೆ ವಾಪಸು ಬಂದು ಪೇಟೆಯಲ್ಲಿ ಇಳಿಸಿದವರು, ನಾಳೆ ನಮ್ಮ ಮನೆಗೆ ಬಂದು ಹೋಗಿ ಎಂದರು.

ಮರುದಿನ ಬೆಳಿಗ್ಗೆ ಅವರು ಏಣಿ ಹಾಕಿ, ಅಡಿಗೆಮನೆಯ ಮೇಲಿನ ಅಟ್ಟದಿಂದ ಬಟ್ಟೆಯ ಗಂಟೊಂದನ್ನು ಇಳಿಸಿದರು. ಬಿಚ್ಚಿದೆ. ಎರಡು ಹಲಗೆಗಳ ನಡುವೆ ಓಲೆಕಟ್ಟು. ಮೊದಲ ಗರಿಯ ಅಂಚಿನಲ್ಲೇ ತಾಳದ ಗುರುತು ಕಂಡಿತು. ಒಲೆಯ ಹೊಗೆ ತಾಗಿ ತಾಗಿ ಕಂದಿತ್ತು, ಹುಳ ಮಾತ್ರ ಮುಟ್ಟಿರಲಿಲ್ಲ.

ಅವರು ನಡೆದದ್ದನ್ನು ಹೇಳಿದರು. ಆಗ ಅವರಿದ್ದದ್ದು ಸಿದ್ದಾಪುರದಲ್ಲಿ. ಗಾಡಿಯ ಹಗ್ಗ, ಸರಪಳಿ ಇಡಲು ಗಟ್ಟಿ ಪೆಟ್ಟಿಗೆಯೊಂದು ಬೇಕಿತ್ತು, ಹರಾಜಿನಲ್ಲಿ ಹಿಡಿದರು. ಯಾರ ಮನೆಯದು, ಯಾಕೆ ಬಂತು ಎಂದು ಯೋಚಿಸಲಿಲ್ಲ. ಮನೆಗೆ ತಂದು ಬೀಗ ಒಡೆದಾಗ ಬರಹ ಕಂಡಿತು. ಬರೆದದ್ದನ್ನು ಸುಡಬಾರದು, ತುಳಿಯಬಾರದು ಎಂದು ಅವರ ತಾಯಿ ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡಿಸಿದರು. ಹಿಂದಕ್ಕೆ ಕೊಡಬೇಕೆಂದು ಅಂದುಕೊಳ್ಳುವಷ್ಟರಲ್ಲಿ, ಜಪ್ತಿಯ ಸಾಮಾನು ಹಿಡಿದವರ ಮನೆಗಳ ಮುಂದೆ ಹೆಂಗಸರು ಬಂದು ಉಪವಾಸ ಕೂತರು. ಇವರ ಮನೆಯ ಮುಂದೆಯೂ ಕೂತರು. ತೋಟದವರು ಇವರ ಗಾಡಿಗೆ ಮಾಲು ಹಾಕುವುದನ್ನು ಬಿಟ್ಟರು, ಸಲಾಮು ಮಾಡಿದರೆ ಮುಖ ತಿರುಗಿಸಿದರು. ಆಗ ಹಿಂದಕ್ಕೆ ಕೊಟ್ಟಿದ್ದರೆ ಗಾಡಿಯ ಬಾಡಿಗೆಯ ಆಸೆಗೆ ಕೊಟ್ಟ ಎನ್ನುತ್ತಿದ್ದರು. ಆ ನಾಚಿಕೆಯಲ್ಲಿ ಊರು ಬಿಟ್ಟು ಯಲ್ಲಾಪುರಕ್ಕೆ ಬಂದರು. ಪೆಟ್ಟಿಗೆಯನ್ನು ಬೇರೊಬ್ಬ ಗಾಡಿಯವನಿಗೆ ಕೊಟ್ಟುಬಿಟ್ಟರು, ಓಲೆ ಉಳಿಯಿತು.

"ನೀವು ತಗೊಂಡು ಹೋಗ್ರಿ," ಎಂದರು. "ನಿಮ್ಮ ದೊಡ್ಡ ಕಪಾಟಿನಾಗ ಇಡ್ರಿ. ನನ್ನ ಹೆಸರು ಎಲ್ಲೂ ಬರೀಬ್ಯಾಡ್ರಿ."

ನಾನು ಆಚಾರ್ಯರಿಗೆ ತಂತಿ ಕೊಟ್ಟೆ. ಖರೀದಿಸಿ ರಸೀದಿ ಪಡೆದು ತಾ ಎಂದು ಅಂದೇ ಮರುತಂತಿ ಬಂತು. ಕಾನೂನಿನ ಪ್ರಕಾರ ಅದು ಸರಿ. ಹರಾಜಿನಲ್ಲಿ ಕೊಂಡವನು ಒಡೆಯ, ಒಡೆಯ ಮಾರಬಹುದು. ಗ್ರಂಥಾಲಯದ ಕೆಲಸದಲ್ಲಿ ಅಂಥ ಅದೃಷ್ಟ ಒಮ್ಮೆ ಬಂದರೆ ದೊಡ್ಡದು. ಆದರೆ ಇಸಳೂರಿನ ಗೋಡೆಗೆ ಒರಗಿ ಕೂತ ಆ ಮನುಷ್ಯನಿಗೆ, ನಿಮ್ಮ ಮುತ್ತಜ್ಜನ ಓಲೆ ಸುಟ್ಟಿಲ್ಲ ಎಂದು ಹೇಳದೆ ರೈಲು ಹತ್ತಲು ನನ್ನಿಂದ ಆಗಲಿಲ್ಲ. ಕಟ್ಟನ್ನು ಸಾಹೇಬರಲ್ಲೇ ಬಿಟ್ಟು, ಶಿರಸಿಯ ಮೋಟಾರು ಹತ್ತಿದೆ.

ಸುದ್ದಿ ಕೇಳಿ ಹೆಗಡೆಯವರು ಎದ್ದು ನಿಲ್ಲಲು ಹೋದರು, ಕೆಮ್ಮು ಬಂದು ಮತ್ತೆ ಕೂತರು. ಯಾರ ಮನೆಯಲ್ಲಿದೆ ಎಂದು ಕೇಳಿದರು. ಹೇಳಿದೆ. ಆಗ ಮೊದಲ ಸಲ ಭಾಗೀರಥಮ್ಮ ಮಾತಾಡಿದರು. ಹೊರಗಿನವರೊಡನೆಯೂ ಅವರದು ಮನೆಮಾತೇ, ನಾನು ಎಂಬುದಕ್ಕೆ ಆನು, ನಾವು ಎಂಬುದಕ್ಕೆ ಯಂಗ.

"ಆ ಮನೆ ಮುಂದೆ ಉಪವಾಸ ಕೂತವು ಯಂಗನೇ. ಜಪ್ತಿ ಸಾಮಾನು ತಗಂಡವ್ರ ಮನೆಯಿಂದ ಎಂತದೂ ತಗಳ್ತ್ನಿಲ್ಲೆ ಹೇಳಿ ಆನು ದೇವರೆದುರಿಗೆ ಹೇಳಿದ್ದೆ."

ಜಪ್ತಿಯ ಸಾಮಾನು ಕೊಂಡವರಿಂದ ಏನೂ ತೆಗೆದುಕೊಳ್ಳುವುದಿಲ್ಲವೆಂಬ ಆ ಶಪಥ ಕೇಳಿ ಗಂಡ ಮತ್ತೆ ಗೋಡೆಗೆ ಒರಗಿದರು. ಅವರ ಮುಖ ನೋಡಲಾಗದೆ ನಾನು ಅಂಗಳದ ಕಡೆ ನೋಡಿದೆ. ಹಾಗಾದರೆ ಗ್ರಂಥಾಲಯ ಕೊಂಡುಕೊಳ್ಳುತ್ತದೆ, ಬೇಕಾದಾಗ ಬಂದು ನೋಡಬಹುದು ಎಂದೆ. ಭಾಗೀರಥಮ್ಮ ಅದಕ್ಕೂ ಒಪ್ಪಲಿಲ್ಲ. ಸಾಹೇಬರು ಮಾರಿದರೆ ಹರಾಜು ಸರಿ ಎಂದು ನಾವೂ ಒಪ್ಪಿದಂತಾಗುತ್ತದೆ ಎಂದರು. ಸ್ವಲ್ಪ ಹೊತ್ತು ಒಳಗೆ ಹೋಗಿ ಬಂದವರು, ನಾಳೆ ನಿಮ್ಮ ಜೊತೆ ಯಲ್ಲಾಪುರಕ್ಕೆ ಬರುತ್ತೇನೆ ಎಂದರು. ಯಾಕೆಂದು ಹೇಳಲಿಲ್ಲ.

ಸಾಹೇಬರ ಮನೆಯ ಮುಂದೆ ಮೋಟಾರಿನಿಂದ ಇಳಿದಾಗ ಅವರು ಬಾಗಿಲಲ್ಲೇ ಇದ್ದರು. ಭಾಗೀರಥಮ್ಮ ಯಾರೆಂದು ಗುರುತಾಗಿ ತಲೆ ತಗ್ಗಿಸಿದರು. ಒಳಗಿನಿಂದ ಅವರ ತಾಯಿ ಗೋಡೆ ಹಿಡಿದುಕೊಂಡು ಬಂದರು. ತುಂಬ ಮುದುಕಿ. ಅವರೂ ಗುರುತು ಹಿಡಿದರು. ಉಪವಾಸದ ದಿನಗಳಲ್ಲಿ ಆ ತಾಯಿ ಬಿಸಿಲಿಗೆ ನೆಲ ಕಾದಿದೆಯೆಂದು ಚಾಪೆ ಹಾಸಿ, ಚೊಂಬಿನಲ್ಲಿ ನೀರು ತಂದಿಟ್ಟಿದ್ದರಂತೆ. ಹೆಂಗಸರು ಚಾಪೆಯ ಮೇಲೂ ಕೂರಲಿಲ್ಲ, ನೀರೂ ಮುಟ್ಟಲಿಲ್ಲ. ಭಾಗೀರಥಮ್ಮ ಅದನ್ನು ಮರೆತಿರಲಿಲ್ಲ.

"ಆ ದಿನ ನಿಮ್ಮ ನೀರು ಕುಡಿದ್ನಿಲ್ಲೆ," ಎಂದು ಆಕೆಗೆ ಹೇಳಿದರು. "ಅದು ನಿಮ್ಮ ಮೇಲಿನ ಸಿಟ್ಟಲ್ಲ, ಅಮ್ಮ."

ಮುದುಕಿ, ನನಗೆ ಆಗಲೇ ಗೊತ್ತಿತ್ತು ಮಗಳೇ, ಎಂದು ಜಗಲಿಯ ಮೇಲೆ ಅವರ ಪಕ್ಕ ಕೂತರು. ಭಾಗೀರಥಮ್ಮ ನೀರು ಕೇಳಿ ಕುಡಿದರು. ಕಟ್ಟನ್ನು ತರಿಸಿ ತೊಡೆಯ ಮೇಲಿಟ್ಟುಕೊಂಡರು. ಓಲೆ ಓದಲು ಅವರಿಗೆ ಬರುತ್ತಿರಲಿಲ್ಲ. ಹಲಗೆಯ ಮೇಲೆ ಕೈಯಾಡಿಸಿ, ಹೌದು, ಇದೇ, ಎಂದು ತಿರುಗಿ ಸಾಹೇಬರ ಮುಂದೆ ಇಟ್ಟರು. ಆಮೇಲೆ ನೇರವಾಗಿ ಅವರಿಗೇ ಹೇಳಿದರು.

"ಇಲ್ಲಿಂದ ಆನು ಒಯ್ತ್ನಿಲ್ಲೆ. ಯಂಗಳ ಮನೆ ಯಂಗಕ್ಕೆ ತಿರುಗಿ ಬಂದ ದಿನ, ನಿಂಗನೇ ತಂದು ಆ ಮನೇಲಿ ಇಡವು. ಅಲ್ಲಿವರೆಗೆ ಈ ಮಾಸ್ತರ ಹತ್ರ ಇರ್ಲಿ."

ಸಾಹೇಬರು ಕಟ್ಟನ್ನೆತ್ತಿ ನನ್ನ ಕೈಗೆ ಕೊಟ್ಟರು. "ತಂದು ಇಡ್ತೀನ್ರಿ ಅಮ್ಮಾ," ಎಂದಷ್ಟೇ ಹೇಳಿದರು.

ಮನೆ ತಿರುಗಿ ಬರುತ್ತದೆ ಎಂದು ಆಗ ಯಾರಿಗೂ ಭರವಸೆಯಿರಲಿಲ್ಲ. ಸರಕಾರ ಬದಲಾಗುವ ಲಕ್ಷಣವೇ ಇರಲಿಲ್ಲ. ಆ ಹೆಂಗಸು ಮಾತ್ರ, ಮುಂದಿನ ತಿಂಗಳು ಮಗಳ ಮನೆಗೆ ಹೋಗುತ್ತೇನೆ ಎನ್ನುವ ಹಾಗೆ ಹೇಳಿದರು.

ಕಟ್ಟಿನೊಂದಿಗೆ ಹಿಂದಿರುಗಿದೆ. ಆಚಾರ್ಯರು ನನ್ನ ಮಾತನ್ನೆಲ್ಲ ಕೇಳಿ, ಇದೇನು ಧರ್ಮಛತ್ರವೇ ಎಂದರು. ನಮ್ಮ ದಾಖಲೆಯಲ್ಲಿ ಎರಡೇ ಕಲಮುಗಳು, ಎಂದರೆ ಅಂಕಣಗಳು, ಇದ್ದವು: ಖರೀದಿ ಮತ್ತು ದಾನ. ಇದು ಎರಡೂ ಅಲ್ಲ. ನಮ್ಮದಲ್ಲದ ವಸ್ತುವನ್ನು ನಮ್ಮ ಕಪಾಟಿನಲ್ಲಿ ಹೇಗೆ ಇಡುವುದು, ನಾಳೆ ಕಳೆದುಹೋದರೆ ಯಾರು ಹೊಣೆ, ಮೇಲಿನವರು ಕೇಳಿದರೆ ಏನು ಹೇಳಲಿ? ಅವರು ಕೇಳಿದ್ದರಲ್ಲಿ ಅನ್ಯಾಯವಿರಲಿಲ್ಲ. ವಾಪಸು ಕಳಿಸು ಎನ್ನುತ್ತಾರೆ ಎಂದು ನಾನು ಮೇಜಿನ ಮುಂದೆ ನಿಂತೇ ಇದ್ದೆ. ಅವರು ಮೊದಲ ಗರಿ ನೋಡಿದರು, ಎರಡನೆಯದು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮೂರನೆಯದನ್ನು ಬೆಳಕಿಗೆ ಹಿಡಿದರು. ನನ್ನನ್ನು ಹೋಗೆಂದು ಕೈಸನ್ನೆ ಮಾಡಿದರು. ಮಧ್ಯಾಹ್ನವೆಲ್ಲ ಅವರ ಕೋಣೆಯ ಬಾಗಿಲು ತೆರೆಯಲಿಲ್ಲ. ಒಮ್ಮೆ ಹಾದುಹೋಗುವಾಗ ಒಳಗೆ ಬೆರಳಿನಿಂದ ಮೇಜಿಗೆ ತಾಳ ಹಾಕುವ ಸದ್ದು ಕೇಳಿಸಿತು.

ಸಂಜೆ ಕರೆದರು. ದಾಖಲೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು ಮೂರನೆಯ ಕಲಮು ಮಾಡಿದ್ದರು. ಮೇಲೆ ಇಡುಗಂಟು, ಅಂದರೆ ಒಡೆಯರ ಪರವಾಗಿ ಕಾಪಾಡಲು ಇಟ್ಟದ್ದು, ಎಂದು ಬರೆದಿದ್ದರು. ಹೊಣೆ ಎಂಬಲ್ಲಿ ತಮ್ಮ ರುಜು ಹಾಕಿದ್ದರು. ಎರಡು ನಕಲು ಮಾಡು, ಒಂದು ನಮಗೆ, ಒಂದು ಆ ಮನೆಯವರಿಗೆ, ಅವರ ನಕಲಿನ ಅಕ್ಷರ ದಪ್ಪವಾಗಿರಲಿ, ಯಜಮಾನರಿಗೆ ಕಣ್ಣು ಮಂಜು ಎಂದೆಯಲ್ಲ ಎಂದರು. ವಿಭಾಗಕ್ಕೆ ಹೊಸದಾಗಿ ಸೇರಿದ ನೀವು ಈಗ ಆ ಕಲಮನ್ನು ದಿನವೂ ತುಂಬುತ್ತೀರಿ. ಕೊಡಲು ಮನಸ್ಸಿಲ್ಲದವರಿಂದ ಓಲೆ ಕಿತ್ತು ತರುವ ಕಷ್ಟ ನಿಮಗಿಲ್ಲ. ಇಡುಗಂಟಾಗಿ ತಂದು, ಚಿತ್ರ ತೆಗೆದು, ಮರಳಿಸುತ್ತೀರಿ. ಅದು ಶುರುವಾದದ್ದು ಹೀಗೆ.

ವರ್ಷಗಳು ಕಳೆದವು. ಆ ಸೀಮೆ ಆಗ ಸೇರಿದ್ದ ಮುಂಬಯಿಯಲ್ಲಿ ಸರಕಾರ ಬದಲಾಯಿತು, ಕರ ಕೊಡದೆ ಕಳೆದುಕೊಂಡವರ ಜಮೀನುಗಳನ್ನು ಹಿಂದಿರುಗಿಸಲು ನಿರ್ಧಾರವಾಯಿತು. ಒಂದು ದಿನ ಇಸಳೂರಿನಿಂದ ಕಾರ್ಡು ಬಂತು. ಹೆಗಡೆಯವರು ಯಾರಿಂದಲೋ ಬರೆಸಿದ್ದರು. ಮನೆ ಸಿಕ್ಕಿದೆ, ಬರುವುದು.

ಆಚಾರ್ಯರೇ ಕಟ್ಟನ್ನು ಹೊಸ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಬಿಟ್ಟುಕೊಡಲು ಅವರಿಗೆ ಎಷ್ಟು ಸಂಕಟವಾಯಿತೆಂದು ಗಂಟು ಹಾಕುವ ಕೈ ನೋಡಿದರೇ ತಿಳಿಯುತ್ತಿತ್ತು. ನಾನು ಯಲ್ಲಾಪುರಕ್ಕೆ ಹೋಗಿ ಅದನ್ನು ಹುಸೇನ್ ಸಾಹೇಬರ ಕೈಗಿಟ್ಟೆ. ಅವರ ತಾಯಿ ಮಲಗಿದಲ್ಲೇ ಅದನ್ನೊಮ್ಮೆ ಮುಟ್ಟಿ, ಹೋಗಿ ಬಾ ಎಂದರು. ಅದೇ ಲಾರಿಯಲ್ಲಿ ಸಿದ್ದಾಪುರದ ದಾರಿ ಹಿಡಿದೆವು.

ಮನೆಯ ಬಾಗಿಲು, ಕಿಟಕಿಗಳನ್ನು ಯಾರೋ ಕಿತ್ತೊಯ್ದಿದ್ದರು. ಗೋಡೆಗೆ ಹೊಸದಾಗಿ ಮಣ್ಣು ಮೆತ್ತಿದ ವಾಸನೆ ಇನ್ನೂ ಇತ್ತು. ಅಂಗಳದಲ್ಲಿ ನೆರೆಯ ಜನ ಸೇರಿದ್ದರು. ಸಾಹೇಬರು ಲಾರಿಯಿಂದಿಳಿದು ಅಲ್ಲೇ ನಿಂತರು. ಹಿಂದೆ ಮುಖ ತಿರುಗಿಸಿದವರೆಲ್ಲ ಎದುರಿಗಿದ್ದರು. ಯಾರೂ ಬಾ ಎನ್ನಲಿಲ್ಲ, ಯಾರೂ ತಡೆಯಲೂ ಇಲ್ಲ. ಭಾಗೀರಥಮ್ಮ ಮೆಟ್ಟಿಲಿಳಿದು ಬಂದು, ಬನ್ನಿ, ಒಳಗೆ ತನ್ನಿ ಎಂದು ಕರೆದರು. ಅವರು ಚಪ್ಪಲಿ ಬಿಟ್ಟು, ಜನರ ನಡುವೆ ನಡೆದು ಹೋಗಿ, ಓಲೆಕಟ್ಟನ್ನು ಜಗಲಿಯ ಮೇಲೆ ಹೆಗಡೆಯವರ ಎದುರು ಇಟ್ಟರು. ಅವರಿಬ್ಬರೂ ಅಂದೇ ಮೊದಲು ಒಬ್ಬರನ್ನೊಬ್ಬರು ನೋಡಿದ್ದು. ಕೂತ್ಕಳಿ ಎಂದು ಹೆಗಡೆಯವರು ಪಕ್ಕದಲ್ಲಿ ಜಾಗ ತೋರಿಸಿದರು.

ಮನೆ ತಿರುಗಿ ಬರುವ ದಿನಕ್ಕೆಂದು ಇಟ್ಟಿದ್ದ ದಪ್ಪಕ್ಷರದ ನಕಲನ್ನು ನಾನು ಹೆಗಡೆಯವರಿಗೆ ಕೊಟ್ಟೆ. ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಮೊದಲ ಪದವನ್ನು ಮೆಲ್ಲಗೆ ಹೇಳಿದರು. ಎರಡನೆಯದಕ್ಕೆ ಮೊಣಕಾಲ ಮೇಲೆ ತಾಳ ಬಂತು. ಕೆಮ್ಮು ತಡೆದು ತಡೆದು ಮೂರು ಪದ ಹಾಡಿದರು.

ಊಟವಾದ ಮೇಲೆ ಹೊರಡಲು ಎದ್ದೆ. ಭಾಗೀರಥಮ್ಮ ಒಳಗೆ ಹೋಗಿ, ಆ ಓಲೆಕಟ್ಟನ್ನು ತಂದು ನನ್ನ ಕೈಗೆ ಕೊಟ್ಟರು. ನನಗೆ ಅರ್ಥವಾಗಲಿಲ್ಲ. ಹೆಗಡೆಯವರ ಮುಖ ನೋಡಿದೆ, ಅವರು ತಲೆಯಾಡಿಸಿದರು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ಕಾಣುತ್ತದೆ.

"ಆಗ ಇದು ಯಂಗಳದ್ದಾಗಿತ್ತಿಲ್ಲೆ, ಹ್ಯಾಂಗೆ ಕೊಡದು?" ಎಂದರು ಆಕೆ. "ಈಗ ಯಂಗಳದ್ದು. ಈಗ ಕೊಡ್ಲಾಗ್ತು. ನಾಲ್ಕು ಜನ ಓದ್ಲಿ. ಇವ್ಕೆ ಕಾಗದದ್ದೇ ಸಾಕು."

ಗಂಡನಿಗೆ ನನ್ನ ಕಾಗದದ ನಕಲೇ ಸಾಕೆಂದು ಅರ್ಥ. ನಾನು ಕಟ್ಟನ್ನು ಮತ್ತೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡೆ. ಮುಂದೆ ಆಚಾರ್ಯರು ಅದನ್ನು ದಾನದ ಕಲಮಿಗೆ ಏರಿಸುವಾಗ, ಕೊಟ್ಟವರು ಎಂಬಲ್ಲಿ ಭಾಗೀರಥಮ್ಮನ ಹೆಸರನ್ನು ಗಂಡನ ಹೆಸರಿಗಿಂತ ಮೊದಲು ಬರೆದರು.

ಹಿಂದಿರುಗುವಾಗ ಲಾರಿಯಲ್ಲಿ ಕಟ್ಟು ನನ್ನ ತೊಡೆಯ ಮೇಲಿತ್ತು. ಬಹಳ ದೂರ ಹೋದೆವು. ಆಮೇಲೆ ಸಾಹೇಬರು, ಅದರಲ್ಲಿ ಏನು ಬರೆದಿದೆ ಎಂದು ಕೇಳಿದರು. ಹಿಂದೆ ಅಷ್ಟು ವರ್ಷ ತಲೆಯ ಮೇಲಿನ ಅಟ್ಟದಲ್ಲಿ ಇಟ್ಟುಕೊಂಡಿದ್ದರೂ ಅವರಿಗೆ ಅದು ತಿಳಿದಿರಲಿಲ್ಲ. ಒಬ್ಬ ರಾಜ, ಅವನ ತಂಗಿಯ ಮದುವೆ, ಆ ಮದುವೆಗಾಗಿ ನಡೆದ ಯುದ್ಧ ಎಂದು ನಾನು ಕಥೆ ಹೇಳತೊಡಗಿದೆ. ಅವರು ಅಡ್ಡ ತಲೆಯಾಡಿಸಿದರು. ಕಥೆ ಬೇಡ, ಬರೆದದ್ದನ್ನು ಬರೆದ ಹಾಗೇ ಓದಬೇಕು ಎಂದರು. ದಾರ ಸಡಿಲಿಸಿ ಮೊದಲ ಗರಿ ಹಿಡಿದೆ. ಎರಡು ಸಾಲು ಓದಿದೆ, ಇಂಜಿನ್ನಿನ ಸದ್ದಿಗೆ ನನಗೇ ಕೇಳಿಸಲಿಲ್ಲ.

ಅವರು ಲಾರಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಇಂಜಿನ್ ಆರಿಸಿ, ನನ್ನ ಕಡೆ ತಿರುಗಿ ಕೂತರು.

"ಈಗ ಓದ್ರಿ," ಎಂದರು.